ಬಾಯಿಯ ಆರೋಗ್ಯ: ವರ್ಷದ ಕಾಲಗಳು ಕಲಿಸುವ ಪಾಠ

ಟ್ರಸ್ಟಿನ ವಾರ್ಷಿಕ ವರದಿಯಲ್ಲಿ ಜಮಾ-ಖರ್ಚಿನ ಲೆಕ್ಕ, ವಿದ್ಯಾರ್ಥಿವೇತನದ ಪ್ರಕಟಣೆ, ಅರ್ಜಿಯ ನಿಯಮಗಳ ನಡುವೆ ಹಲ್ಲಿನ ಬಗ್ಗೆ ಒಂದು ಲೇಖನ ಏಕೆ ಎಂದು ಕೆಲವರಿಗೆ ಅನಿಸಬಹುದು. ನಾವು ಕರಾವಳಿಯ ಒಂದು ಸಣ್ಣ ಪೇಟೆಯಲ್ಲಿ ಕುಟುಂಬ ಸಮೇತ ದಂತ ಚಿಕಿತ್ಸಾಲಯ ನಡೆಸಿಕೊಂಡು ಬಂದವರು. ಟ್ರಸ್ಟಿನ ಕೋರಿಕೆಯಂತೆ ಕಳೆದ ವರ್ಷ ವಿದ್ಯಾರ್ಥಿವೇತನದ ಸಂದರ್ಶನಕ್ಕೆ ಬಂದ ಮಕ್ಕಳ ಬಾಯಿಯನ್ನು ಪಕ್ಕದ ಕೋಣೆಯಲ್ಲಿ ಕುಳಿತು ಪರೀಕ್ಷಿಸಿದೆವು. ಅಂಕಪಟ್ಟಿಯಲ್ಲಿ ಕಾಣದ ಅನೇಕ ಸಂಗತಿಗಳು ಅಲ್ಲಿ ಕಂಡವು. ಹಲ್ಲುನೋವಿನಿಂದ ರಾತ್ರಿಯಿಡೀ ನಿದ್ದೆಗೆಟ್ಟು ಬೆಳಿಗ್ಗೆ ಪರೀಕ್ಷೆ ಬರೆದವರಿದ್ದರು. ಒಂದೇ ಬದಿಯಲ್ಲಿ ಅಗಿದು ಉಣ್ಣುವುದನ್ನು ಅಭ್ಯಾಸ ಮಾಡಿಕೊಂಡವರಿದ್ದರು. ಮುಂದಿನ ಹಲ್ಲು ಕಪ್ಪಾಗಿದೆಯೆಂದು ತರಗತಿಯಲ್ಲಿ ಬಾಯಿ ತೆರೆದು ಮಾತಾಡದ ಹುಡುಗಿಯರಿದ್ದರು. ದಾನಿಗಳು ಕೊಟ್ಟ ಹಣ ಮಗುವಿನ ಶುಲ್ಕಕ್ಕೆ, ಪುಸ್ತಕಕ್ಕೆ ಸಲ್ಲುತ್ತದೆ. ಆದರೆ ಆ ಮಗು ನೋವಿಲ್ಲದೆ ತರಗತಿಯಲ್ಲಿ ಕೂರುವಂತಾಗಬೇಕಲ್ಲ? ಅದಕ್ಕಾಗಿ ಈ ಪಾಠ.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 350 ಕೋಟಿ ಜನರಿಗೆ ಬಾಯಿಯ ಒಂದಲ್ಲ ಒಂದು ಕಾಯಿಲೆ ಇದೆ. ಇವುಗಳಲ್ಲಿ ಹೆಚ್ಚಿನವು ತಡೆಯಬಹುದಾದವು. ತಡೆಯಲು ಬೇಕಾದದ್ದು ದುಬಾರಿ ಯಂತ್ರವಲ್ಲ, ಮನೆಯ ದಿನಚರಿ. ಆ ದಿನಚರಿ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬುದನ್ನು ನಾವು ವರ್ಷ ವರ್ಷ ನೋಡುತ್ತೇವೆ. ಮಳೆಗಾಲದಲ್ಲಿ ಬರುವ ತೊಂದರೆ ಬೇರೆ, ರಮಝಾನಿನಲ್ಲಿ ಬರುವುದು ಬೇರೆ, ಮದುವೆಯ ದಿನಗಳಲ್ಲಿ, ಬೇಸಿಗೆಯ ರಜೆಯಲ್ಲಿ ಬರುವುದು ಬೇರೆ. ಆದ್ದರಿಂದ ಪಾಠವನ್ನೂ ಕಾಲಗಳಿಗೆ ಹೊಂದಿಸಿ ಬರೆದಿದ್ದೇವೆ.

ಹುಳುಕು ಹೇಗೆ ಹುಟ್ಟುತ್ತದೆ?

"ಡಾಕ್ಟ್ರೇ, ಹಲ್ಲಿಗೆ ಹುಳ ಹಿಡಿದಿದೆ" ಎಂದು ತಾಯಂದಿರು ಹೇಳುವುದುಂಟು. ಹಲ್ಲಿನೊಳಗೆ ಕಣ್ಣಿಗೆ ಕಾಣುವ ಹುಳ ಇರುವುದಿಲ್ಲ. ನಮ್ಮೆಲ್ಲರ ಬಾಯಿಯಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳಿವೆ. ಅವು ಹಲ್ಲಿನ ಮೇಲೆ ಅಂಟಂಟಾದ ತೆಳು ಪದರವಾಗಿ ಕೂರುತ್ತವೆ. ನಾವು ತಿಂದ ಸಕ್ಕರೆಯೇ ಅವುಗಳ ಆಹಾರ. ಸಕ್ಕರೆ ಸಿಕ್ಕ ಕೆಲವೇ ನಿಮಿಷಗಳಲ್ಲಿ ಅವು ಆಮ್ಲವನ್ನು ಉತ್ಪಾದಿಸುತ್ತವೆ. ಆ ಆಮ್ಲ ಹಲ್ಲಿನ ಹೊರಪದರವಾದ ಎನಾಮಲ್‌ನಿಂದ ಕ್ಯಾಲ್ಸಿಯಂ ಮತ್ತು ಫಾಸ್ಫೇಟನ್ನು ಕರಗಿಸಿ ಹೊರಗೆಳೆಯುತ್ತದೆ.

ನಮ್ಮ ಜೊಲ್ಲು ಇದಕ್ಕೆ ಎದುರಾಗಿ ಕೆಲಸ ಮಾಡುತ್ತದೆ. ಅದು ಆಮ್ಲವನ್ನು ತಟಸ್ಥಗೊಳಿಸಿ, ಕಳೆದುಹೋದ ಖನಿಜವನ್ನು ಮರಳಿ ಹಲ್ಲಿಗೆ ಸೇರಿಸುತ್ತದೆ. ಆದರೆ ಇದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆಯ ಸಮಯ ಬೇಕು. ಮಗು ಊಟದ ಜೊತೆಗೆ ಒಮ್ಮೆ ಸಿಹಿ ತಿಂದರೆ ಹಲ್ಲಿಗೆ ಚೇತರಿಸಿಕೊಳ್ಳಲು ಅವಕಾಶ ಸಿಗುತ್ತದೆ. ಅದೇ ಸಿಹಿಯನ್ನು ಹತ್ತು ತುಂಡು ಮಾಡಿ ದಿನವಿಡೀ ತಿಂದರೆ ಹಲ್ಲು ದಿನವಿಡೀ ಆಮ್ಲದಲ್ಲಿ ನೆನೆಯುತ್ತದೆ. ಆದ್ದರಿಂದ ಎಷ್ಟು ಸಿಹಿ ತಿಂದೆವು ಎಂಬುದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದೆವು ಎಂಬುದೇ ಹಲ್ಲಿಗೆ ಮುಖ್ಯ.

ಎನಾಮಲ್ ನಮ್ಮ ದೇಹದ ಅತ್ಯಂತ ಗಟ್ಟಿ ವಸ್ತು. ಆದರೆ ಅದರಲ್ಲಿ ಜೀವಕೋಶಗಳಿಲ್ಲ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಕೊಯ್ದ ಚರ್ಮ ಮಾಯುತ್ತದೆ, ತೂತು ಬಿದ್ದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ತೂತಾಗುವ ಮೊದಲು ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ ಕಾಣಿಸುತ್ತದೆ. ಆ ಹಂತದಲ್ಲಿ ಫ್ಲೋರೈಡ್ ಮತ್ತು ಶುಚಿತ್ವದಿಂದ ಹಲ್ಲನ್ನು ಸರಿಪಡಿಸಬಹುದು. ಹಂತ ದಾಟಿದರೆ ಸಿಮೆಂಟು ತುಂಬಿಸಬೇಕು. ಅದನ್ನೂ ದಾಟಿ ಒಳಗಿನ ನರಕ್ಕೆ ತಲುಪಿದರೆ ಬೇರಿನ ಚಿಕಿತ್ಸೆ, ಇಲ್ಲವೇ ಕೀಳುವುದು. ಒಂದೊಂದು ಹಂತ ದಾಟಿದಂತೆ ನೋವು ಮತ್ತು ಖರ್ಚು ಎರಡೂ ಹಲವು ಪಟ್ಟು ಏರುತ್ತವೆ.

ಜೂನ್: ಶಾಲೆ ಮತ್ತು ಮಳೆ

ಶಾಲೆ ಆರಂಭವಾಗುವುದೂ ಮಳೆ ಹಿಡಿಯುವುದೂ ನಮ್ಮಲ್ಲಿ ಒಟ್ಟೊಟ್ಟಿಗೆ. ಒಂದನೇ ತರಗತಿಗೆ ಸೇರುವ ಮಗುವಿಗೆ ಸುಮಾರು ಆರು ವರ್ಷ. ಅದೇ ವಯಸ್ಸಿನಲ್ಲಿ ಬಾಯಿಯೊಳಗೆ ಒಂದು ದೊಡ್ಡ ಘಟನೆ ನಡೆಯುತ್ತದೆ. ಹಾಲುಹಲ್ಲುಗಳ ಸಾಲಿನ ಹಿಂದೆ, ಮೇಲೆ ಎರಡು, ಕೆಳಗೆ ಎರಡು, ಒಟ್ಟು ನಾಲ್ಕು ದವಡೆ ಹಲ್ಲುಗಳು ಮೂಡುತ್ತವೆ. ಯಾವ ಹಾಲುಹಲ್ಲೂ ಬೀಳದೆ ಇವು ಸದ್ದಿಲ್ಲದೆ ಬರುವುದರಿಂದ ಹೆತ್ತವರು ಇವನ್ನೂ ಹಾಲುಹಲ್ಲು ಎಂದೇ ತಿಳಿಯುತ್ತಾರೆ. "ಹೇಗೂ ಬಿದ್ದುಹೋಗುವ ಹಲ್ಲಲ್ಲವೇ" ಎಂದು ಬಿಟ್ಟುಬಿಡುತ್ತಾರೆ. ಇವು ಬೀಳುವ ಹಲ್ಲುಗಳಲ್ಲ, ಜೀವನದುದ್ದಕ್ಕೂ ಇರಬೇಕಾದವು. ಇವುಗಳ ಮೇಲ್ಭಾಗದಲ್ಲಿ ಆಳವಾದ ಗೀರುಗಳಿರುವುದರಿಂದ ಹುಳುಕು ಬೇಗ ಹಿಡಿಯುತ್ತದೆ. ಮೂಡಿದ ಹೊಸತರಲ್ಲಿ ಆ ಗೀರುಗಳನ್ನು ಮುಚ್ಚುವ ತೆಳು ಲೇಪನ ಹಾಕಿಸಬಹುದು. ಅದಕ್ಕೆ ಚುಚ್ಚುಮದ್ದು ಬೇಡ, ಕೊರೆಯುವುದೂ ಬೇಡ, ನೋವೂ ಇಲ್ಲ.

ಹಾಗೆಂದು ಹಾಲುಹಲ್ಲನ್ನು ಕಡೆಗಣಿಸಬಾರದು. ಹಾಲುಹಲ್ಲುಗಳು ಒಟ್ಟು 20. ಅವುಗಳಲ್ಲಿ ಹಿಂದಿನವು ಹತ್ತು-ಹನ್ನೆರಡು ವರ್ಷದವರೆಗೂ ಬಾಯಿಯಲ್ಲಿರುತ್ತವೆ. ಅಷ್ಟು ವರ್ಷ ಮಗು ಅಗಿದು ತಿನ್ನುವುದು ಅವುಗಳಿಂದಲೇ. ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಅವು ಜಾಗ ಕಾಯುತ್ತವೆ. ಹುಳುಕಾಗಿ ಬೇಗ ಕೀಳಿಸಿದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ, ಮುಂದೆ ಬರುವ ಹಲ್ಲು ಸೊಟ್ಟಗಾಗುತ್ತದೆ.

ಮಳೆಗಾಲದಲ್ಲಿ ಮಕ್ಕಳಿಗೆ ಶೀತ, ಕೆಮ್ಮು ಸಾಮಾನ್ಯ. ಕೆಮ್ಮಿನ ಸಿರಪ್ಪುಗಳಲ್ಲಿ ಅನೇಕವು ಸಕ್ಕರೆಯ ಪಾಕದಲ್ಲಿ ಮಾಡಿದವು. ಮಲಗುವಾಗ ಸಿರಪ್ ಕುಡಿಸಿ ಹಾಗೆಯೇ ಮಲಗಿಸಿದರೆ ಸಕ್ಕರೆ ರಾತ್ರಿಯಿಡೀ ಹಲ್ಲಿನ ಮೇಲಿರುತ್ತದೆ. ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆಯಾಗುವುದರಿಂದ ಅದನ್ನು ತೊಳೆಯುವವರಿಲ್ಲ. ಸಿರಪ್ ಕೊಟ್ಟ ಮೇಲೆ ಬಾಯಿ ಮುಕ್ಕಳಿಸಲು ಹೇಳಿ, ಚಿಕ್ಕ ಮಗುವಾದರೆ ಎರಡು ಗುಟುಕು ನೀರು ಕುಡಿಸಿ. ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡು ನಿದ್ದೆ ಹೋಗುವ ಮಗುವಿನ ಮೇಲಿನ ಮುಂದಿನ ಹಲ್ಲುಗಳು ಕಂದುಬಣ್ಣಕ್ಕೆ ತಿರುಗಿ ಪುಡಿಯಾಗುವುದಕ್ಕೂ ಕಾರಣ ಇದೇ. ಹಾಲು ಕುಡಿಸಿ, ಬಾಯಿ ಒರೆಸಿ, ಆಮೇಲೆ ಮಲಗಿಸಿ.

ಸಂಜೆ ಮಳೆ ಸುರಿಯುವಾಗ ಮನೆಯಲ್ಲಿ ಚಹಾ, ಬಿಸ್ಕತ್ತು, ಬೇಕರಿ ತಿನಿಸು ನಾಲ್ಕು ಸಲ ಸುತ್ತುತ್ತದೆ. ಚಹಾದೊಂದಿಗೆ ಒಂದು ಸಲ ತಿನ್ನಲಿ. ಉಳಿದ ಹೊತ್ತಿಗೆ ಹುರಿದ ಕಡಲೆ, ನೆಲಗಡಲೆ, ತೆಂಗಿನ ತುಂಡು ಕೊಡಿ. ಇವು ಹಲ್ಲಿಗೆ ಅಂಟುವುದಿಲ್ಲ, ಅಗಿಯುವಾಗ ಜೊಲ್ಲನ್ನೂ ಹೆಚ್ಚಿಸುತ್ತವೆ. ಆದರೆ ಇಡೀ ಕಡಲೆಕಾಳನ್ನು ತೀರಾ ಚಿಕ್ಕ ಮಕ್ಕಳಿಗೆ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ರಮಝಾನ್: ಉಪವಾಸ ಮತ್ತು ಬಾಯಿ

ಚಾಂದ್ರಮಾನ ವರ್ಷ ಸುಮಾರು 354 ದಿನಗಳದ್ದಾದ್ದರಿಂದ ರಮಝಾನ್ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಮುಂಚೆ ಬರುತ್ತದೆ. 2016ರಲ್ಲಿ ಜೂನ್ ತಿಂಗಳ ಮಳೆಯಲ್ಲಿ ಬಂದದ್ದು 2022ರಲ್ಲಿ ಏಪ್ರಿಲಿನ ಸೆಖೆಗೆ ಬಂತು. ಸೆಖೆಯ ಉಪವಾಸದಲ್ಲಿ ದೇಹದ ನೀರು ಹೆಚ್ಚು ಖರ್ಚಾಗಿ ಬಾಯಿ ಹೆಚ್ಚು ಒಣಗುತ್ತದೆ. ಜೊಲ್ಲು ಕಡಿಮೆಯಾದಾಗ ನಾಲಗೆಯ ಹಿಂಭಾಗದಲ್ಲಿ ಬ್ಯಾಕ್ಟೀರಿಯಾ ಹೆಚ್ಚಿ ಬಾಯಿಯ ವಾಸನೆ ಬರುತ್ತದೆ.

ಇದಕ್ಕೆ ಮಾಡಬೇಕಾದದ್ದು ಮೂರು. ಸಹರಿಯ ಊಟ ಮುಗಿಸಿದ ಮೇಲೆ ಸಮಯ ಮುಗಿಯುವ ಮೊದಲು ಪೇಸ್ಟ್ ಹಾಕಿ ಹಲ್ಲುಜ್ಜಿ, ನಾಲಗೆಯನ್ನೂ ಉಜ್ಜಿ. ಅನೇಕರು ಎದ್ದ ಕೂಡಲೇ ಹಲ್ಲುಜ್ಜಿ, ಆಮೇಲೆ ಉಂಡು, ಹಾಗೆಯೇ ಮಲಗುತ್ತಾರೆ. ಆಗ ಅನ್ನದ, ಸಿಹಿಯ ಅಂಶ ಹಗಲಿಡೀ ಹಲ್ಲಿನ ಮೇಲೆಯೇ ಉಳಿಯುತ್ತದೆ. ಎರಡನೆಯದು, ಇಫ್ತಾರ್‌ನಿಂದ ಸಹರಿಯವರೆಗೆ ಶರಬತ್ತಿಗಿಂತ ನೀರನ್ನೇ ಹೆಚ್ಚು ಕುಡಿಯಿರಿ. ಖರ್ಜೂರ ಒಳ್ಳೆಯ ಆಹಾರ, ಆದರೆ ಹಲ್ಲಿನ ಸಂದಿಗೆ ಅಂಟಿಕೊಳ್ಳುತ್ತದೆ. ತಿಂದ ಮೇಲೆ ನೀರು ಕುಡಿದು ಬಾಯಿ ಮುಕ್ಕಳಿಸಿದರೆ ಸಾಕು. ಮೂರನೆಯದು, ತರಾವೀಹ್ ಮುಗಿಸಿ ಬಂದು ಮಲಗುವ ಮುನ್ನ ಮತ್ತೊಮ್ಮೆ ಹಲ್ಲುಜ್ಜಬೇಕು.

ಮಿಸ್ವಾಕ್ ಬಗ್ಗೆ ಹಲವರು ಕೇಳುತ್ತಾರೆ. ಅದು ಅರಾಕ್ ಎಂಬ ಮರದ ಬೇರು ಅಥವಾ ಕೊಂಬೆ. ಸಸ್ಯಶಾಸ್ತ್ರದಲ್ಲಿ ಸಾಲ್ವಡೋರಾ ಪರ್ಸಿಕಾ ಎನ್ನುತ್ತಾರೆ. ತುದಿಯನ್ನು ಅಗಿದಾಗ ಅದರ ನಾರು ಬ್ರಷ್ಷಿನಂತೆ ಬಿಡಿಸಿಕೊಳ್ಳುತ್ತದೆ. ಸರಿಯಾಗಿ ಉಜ್ಜಿದರೆ ಹಲ್ಲಿನ ಪದರವನ್ನು ಚೆನ್ನಾಗಿ ತೆಗೆಯುತ್ತದೆ. ವುಝೂವಿನ ಜೊತೆ ದಿನಕ್ಕೆ ಹಲವು ಬಾರಿ ಬಳಸುವವರ ಬಾಯಿ ಶುಚಿಯಾಗಿರುವುದನ್ನು ನಾವು ಕಂಡಿದ್ದೇವೆ. ಆದರೆ ಮುಂದಿನ ಹಲ್ಲುಗಳ ಹೊರಮೈಯನ್ನು ಮಾತ್ರ ಉಜ್ಜಿ ನಿಲ್ಲಿಸುವವರೇ ಹೆಚ್ಚು. ದವಡೆಯ ಒಳಮೈ ಹಾಗೆಯೇ ಉಳಿಯುತ್ತದೆ, ಅಲ್ಲಿ ಕಲ್ಲು ಕಟ್ಟುತ್ತದೆ. ತುದಿ ಹಳತಾದಾಗ ಕತ್ತರಿಸಿ ಹೊಸ ನಾರು ಬಿಡಿಸಿ, ಒಳಮೈಯನ್ನೂ ಉಜ್ಜಿ. ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆ ಎರಡು ಬಾರಿ ಉಜ್ಜುವುದನ್ನು ಇದರ ಜೊತೆಗೆ ಉಳಿಸಿಕೊಳ್ಳಿ.

ಉಪವಾಸದಲ್ಲಿ ಹಲ್ಲುನೋವು ಬಂದರೆ ತಿಂಗಳು ಮುಗಿಯುವವರೆಗೆ ಸಹಿಸುವವರಿದ್ದಾರೆ. ಚಿಕಿತ್ಸೆಯಿಂದ ಉಪವಾಸ ಮುರಿಯುತ್ತದೆಂಬ ಭಯ ಅವರದ್ದು. ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1997ರ ತನ್ನ ಅಧಿವೇಶನದಲ್ಲಿ ಈ ವಿಷಯ ಚರ್ಚಿಸಿದೆ. ಗಂಟಲಿಗೆ ಏನೂ ಇಳಿಯದಂತೆ ನೋಡಿಕೊಂಡರೆ ಹಲ್ಲು ಕೊರೆಯುವುದು, ಕೀಳುವುದು, ಶುಚಿಗೊಳಿಸುವುದು ಉಪವಾಸವನ್ನು ಕೆಡಿಸುವುದಿಲ್ಲ ಎಂದು ಅದು ತೀರ್ಮಾನಿಸಿತು. ಇನ್ನೂ ಸಂಶಯವಿದ್ದವರು ತಮ್ಮ ಮಸೀದಿಯ ಖತೀಬರನ್ನು ಕೇಳಿ, ಇಲ್ಲವೇ ಇಫ್ತಾರ್ ಬಳಿಕ ಬನ್ನಿ. ನಮ್ಮಂತೆ ಆ ತಿಂಗಳಲ್ಲಿ ರಾತ್ರಿ ಬಾಗಿಲು ತೆರೆದಿಡುವ ಚಿಕಿತ್ಸಾಲಯಗಳಿವೆ. ಆದರೆ ಕೆನ್ನೆ ಅಥವಾ ದವಡೆಯ ಕೆಳಗೆ ಊತ ಬಂದು, ಜ್ವರವಿದ್ದು, ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಒಂದು ಗಂಟೆಯೂ ಕಾಯಬೇಡಿ, ನೇರ ದೊಡ್ಡ ಆಸ್ಪತ್ರೆಗೆ ಹೋಗಿ. ಹಲ್ಲಿನ ಕೀವು ಕುತ್ತಿಗೆಗೆ ಇಳಿದರೆ ಪ್ರಾಣಕ್ಕೇ ಅಪಾಯ.

ಮದುವೆಯ ದಿನಗಳು: ಬೀಡಾ, ಅಡಿಕೆ ಮತ್ತು ನಮ್ಮ ಹುಡುಗರು

ಮಳೆ ನಿಂತ ಮೇಲೆ ಮದುವೆಗಳು ಶುರುವಾಗುತ್ತವೆ. ಊಟವಾದ ಮೇಲೆ ಬೀಡಾದ ತಟ್ಟೆ ಬರುತ್ತದೆ. ಸಿಹಿ ಬೀಡಾವನ್ನು ಐದಾರು ವರ್ಷದ ಮಕ್ಕಳ ಕೈಗೂ ಕೊಡುತ್ತಾರೆ. ಈ ಭಾಗವನ್ನು ಬರೆಯುವಾಗ ನಮಗೆ ಸಂಕೋಚವೂ ಇದೆ, ಏಕೆಂದರೆ ಅಡಿಕೆ ನಮ್ಮ ಜಿಲ್ಲೆಯ ಸಾವಿರಾರು ಮನೆಗಳಿಗೆ ಅನ್ನ ಕೊಡುವ ಬೆಳೆ. ದಾನಿಗಳಲ್ಲೂ ಅಡಿಕೆ ತೋಟದವರು, ವ್ಯಾಪಾರಿಗಳು ಇದ್ದಾರೆ. ಆದರೂ ಕಂಡದ್ದನ್ನು ಹೇಳದಿರುವುದು ಸರಿಯಲ್ಲ.

ಸಂದರ್ಶನದ ದಿನ ದ್ವಿತೀಯ ಪಿಯುಸಿಯ ಒಬ್ಬ ಹುಡುಗ ನಮ್ಮ ಮುಂದೆ ಕುಳಿತ. ಅಂಕಗಳು ಬಹಳ ಚೆನ್ನಾಗಿದ್ದವು. ಬಾಯಿ ತೆರೆ ಎಂದಾಗ ಎರಡು ಬೆರಳು ಹೋಗುವಷ್ಟು ಮಾತ್ರ ತೆರೆಯಿತು. ಕೆನ್ನೆಯ ಒಳಗೆ ಬೆರಳಿಟ್ಟಾಗ ಹಗ್ಗದಂಥ ಗಟ್ಟಿ ಪಟ್ಟಿಗಳು ಸಿಕ್ಕವು, ಚರ್ಮ ಬಿಳಿಚಿತ್ತು. ಖಾರದ ಸಾರು ಉಣ್ಣಲಾಗುವುದಿಲ್ಲ, ಉರಿಯುತ್ತದೆ ಎಂದ. ಎಂಟನೇ ತರಗತಿಯಿಂದ ಶಾಲೆಯ ಹತ್ತಿರದ ಗೂಡಂಗಡಿಯ ಪೊಟ್ಟಣ ತಿನ್ನುತ್ತಿದ್ದನಂತೆ. "ಡಾಕ್ಟ್ರೇ, ಇದರಲ್ಲಿ ತಂಬಾಕಿಲ್ಲ, ಬರೀ ಅಡಿಕೆ" ಎಂದು ಅವನು ಸಮಾಧಾನದಿಂದಲೇ ಹೇಳಿದ. ಬೀಡಿ ಕಟ್ಟಿ ಅವನನ್ನು ಓದಿಸುತ್ತಿದ್ದ ತಾಯಿಗೆ ಅಂದೇ ಮೊದಲು ವಿಷಯ ಗೊತ್ತಾದದ್ದು.

ಈ ಕಾಯಿಲೆಗೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಅಡಿಕೆಯಲ್ಲಿರುವ ರಾಸಾಯನಿಕಗಳು ಬಾಯಿಯ ಒಳಚರ್ಮದ ಕೆಳಗೆ ನಾರನ್ನು ಬೆಳೆಸುತ್ತವೆ, ಬಾಯಿ ನಿಧಾನವಾಗಿ ಬಿಗಿಯುತ್ತದೆ. ಒಮ್ಮೆ ಬಿಗಿದದ್ದು ಪೂರ್ತಿ ಮೊದಲಿನಂತಾಗುವುದಿಲ್ಲ. ತಿನ್ನುವುದನ್ನು ನಿಲ್ಲಿಸಿ, ವ್ಯಾಯಾಮ ಮತ್ತು ಔಷಧ ಮಾಡಿದರೆ ಮುಂದುವರಿಯದಂತೆ ತಡೆಯಬಹುದು. ಕೆಲವರಲ್ಲಿ ಇದು ಕ್ಯಾನ್ಸರಿಗೆ ತಿರುಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತಂಬಾಕು ಬೆರೆಸದ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಆದ್ದರಿಂದ "ಬರೀ ಅಡಿಕೆ" ಎಂಬ ಮಾತಿನಲ್ಲಿ ರಕ್ಷಣೆಯಿಲ್ಲ.

ಕರ್ನಾಟಕ ಸರಕಾರ 2013ರಲ್ಲಿ ಗುಟ್ಖಾವನ್ನು ನಿಷೇಧಿಸಿತು. ಅನಂತರ ಪಾನ್ ಮಸಾಲಾ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದು ಪೊಟ್ಟಣದಲ್ಲಿ ಬಂತು. ಎರಡನ್ನೂ ಕೊಂಡು ಅಂಗೈಯಲ್ಲಿ ಬೆರೆಸಿಕೊಳ್ಳುವುದು ಹುಡುಗರಿಗೆ ಗೊತ್ತು. ಕಾನೂನು ತಲುಪದ ಕಡೆ ಮನೆಯವರ ಕಣ್ಣು ತಲುಪಬೇಕು. ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ತಿಂಗಳಿಗೊಮ್ಮೆ ಮಗನ ಬಾಯಿ ತೆರೆಸಿ. ಅವನದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ, ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಡಲಿ. ಮೂರು ಬೆರಳು ಹೋಗದಿದ್ದರೆ ವೈದ್ಯರಿಗೆ ತೋರಿಸಿ. ಬೈಯುವುದು, ಹೊಡೆಯುವುದು ಬೇಡ. ಬೈಗುಳಕ್ಕೆ ಹೆದರಿದವರು ಅಡಗಿ ತಿನ್ನುತ್ತಾರೆ, ವೈದ್ಯರ ಬಳಿಗೂ ಬರುವುದಿಲ್ಲ.

ಇನ್ನೊಂದು ನಿಯಮವನ್ನು ಮನೆಮಂದಿಯೆಲ್ಲ ನೆನಪಿಡಬೇಕು. ಬಾಯಿಯಲ್ಲಿ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಗಡ್ಡೆ ಎರಡು ವಾರ ಕಳೆದರೂ ಮಾಯದಿದ್ದರೆ, ನೋವಿಲ್ಲದಿದ್ದರೂ ತೋರಿಸಬೇಕು. ಬಾಯಿಯ ಕ್ಯಾನ್ಸರ್ ಆರಂಭದಲ್ಲಿ ಹೆಚ್ಚಾಗಿ ನೋಯುವುದಿಲ್ಲ. ನೋವಿಲ್ಲವೆಂದು ಬಿಟ್ಟವರೇ ತಡವಾಗಿ ಬರುವವರು. ಮನೆಯ ಹಿರಿಯ ಹೆಂಗಸರು ಹೊಗೆಸೊಪ್ಪು ಇಡುವುದು, ವಸಡಿಗೆ ನಶ್ಯ ಅಥವಾ ಕಡ್ಡಿಪುಡಿ ತಿಕ್ಕುವುದು ಇದ್ದರೆ ಅವರ ಬಾಯಿಯನ್ನೂ ಆಗಾಗ ನೋಡಿಸಿ. ಹೊಗೆ ಬಿಡುವುದಿಲ್ಲ ಎಂದ ಮಾತ್ರಕ್ಕೆ ತಂಬಾಕು ತಂಬಾಕಲ್ಲದೆ ಹೋಗುವುದಿಲ್ಲ.

ಬೇಸಿಗೆ: ರಜೆ, ಹುಳಿ, ಬಿದ್ದ ಹಲ್ಲು

ಏಪ್ರಿಲ್-ಮೇ ರಜೆಯಲ್ಲಿ ಗಲ್ಫ್‌ನಿಂದ ಬಂಧುಗಳು ಬರುತ್ತಾರೆ, ಪೆಟ್ಟಿಗೆ ತುಂಬ ಚಾಕೊಲೇಟ್ ಬರುತ್ತದೆ. ಬೇಡ ಎನ್ನಲಾಗುವುದಿಲ್ಲ, ಎನ್ನಬೇಕಾಗಿಯೂ ಇಲ್ಲ. ಮಧ್ಯಾಹ್ನದ ಊಟದ ಬೆನ್ನಿಗೆ ಹಂಚಿ ಮುಗಿಸಿ, ಡಬ್ಬಿಯನ್ನು ಮಕ್ಕಳ ಕೈಗೆಟುಕದ ಕಡೆ ಇಡಿ.

ಸೆಖೆಗೆ ಮಕ್ಕಳು ತಂಪು ಪಾನೀಯ ಕೇಳುತ್ತಾರೆ. 250 ಮಿಲಿಲೀಟರ್ ಕೋಲಾದಲ್ಲಿ ಸುಮಾರು 25 ಗ್ರಾಂ, ಅಂದರೆ ಆರು ಚಮಚ ಸಕ್ಕರೆಯಿದೆ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯಂತೆ ವಯಸ್ಕರು ಇಡೀ ದಿನದಲ್ಲಿ ತಿನ್ನುವ ಹೊರಗಿನ ಸಕ್ಕರೆ ಇಷ್ಟಕ್ಕೆ ನಿಂತರೆ ಒಳ್ಳೆಯದು. ಮಕ್ಕಳಿಗೆ ಇನ್ನೂ ಕಡಿಮೆ. ಕೋಲಾ, ಸೋಡಾ, ಲಿಂಬೆ ಶರಬತ್ತು, ಪುನರ್ಪುಳಿ ಇವೆಲ್ಲ ಸ್ವತಃ ಹುಳಿ. ಬ್ಯಾಕ್ಟೀರಿಯಾದ ನೆರವಿಲ್ಲದೆಯೇ ಎನಾಮಲನ್ನು ಮೆತ್ತಗಾಗಿಸುತ್ತವೆ. ಉಪ್ಪು-ಮೆಣಸು ಹಚ್ಚಿದ ಮಾವಿನಕಾಯಿಯೂ ಹಾಗೆಯೇ. ಹುಳಿ ತಿಂದ ಕೂಡಲೇ ಹಲ್ಲುಜ್ಜಬೇಡಿ. ಮೆತ್ತಗಾದ ಎನಾಮಲ್ ಬ್ರಷ್ಷಿಗೆ ಸವೆಯುತ್ತದೆ. ನೀರಲ್ಲಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ಬಾಯಾರಿಕೆಗೆ ನೀರು, ಮಜ್ಜಿಗೆ, ಬೊಂಡ ಇರಲಿ.

ರಜೆಯಲ್ಲಿ ಕ್ರಿಕೆಟ್, ಸೈಕಲ್, ಮರ ಹತ್ತುವುದು. ಮುಂದಿನ ಹಲ್ಲು ಬೇರುಸಹಿತ ಕಿತ್ತು ಬೀಳುವುದುಂಟು. ಅದು ಶಾಶ್ವತ ಹಲ್ಲಾಗಿದ್ದರೆ ಉಳಿಸಬಹುದು, ಆದರೆ ಸಮಯ ಬಹಳ ಕಡಿಮೆ. ಹಲ್ಲಿನ ಬಿಳಿ ಭಾಗವನ್ನು ಮಾತ್ರ ಹಿಡಿಯಿರಿ, ಬೇರನ್ನು ಮುಟ್ಟಬೇಡಿ, ಉಜ್ಜಬೇಡಿ. ಮಣ್ಣಾಗಿದ್ದರೆ ಕೆಲವು ಕ್ಷಣ ನೀರಲ್ಲಿ ಅದ್ದಿ ತೆಗೆಯಿರಿ. ಸಾಧ್ಯವಾದರೆ ಅದರ ಗುಳಿಯಲ್ಲೇ ಮತ್ತೆ ಕೂರಿಸಿ, ಬಟ್ಟೆ ಕಚ್ಚಿಸಿ ಕರೆತನ್ನಿ. ಆಗದಿದ್ದರೆ ತಣ್ಣಗಿನ ಹಾಲಿನಲ್ಲಿ ಹಾಕಿ ತನ್ನಿ. ಕಾಗದದಲ್ಲಿ, ಕರ್ಚೀಫಿನಲ್ಲಿ ಸುತ್ತಿ ತಂದ ಹಲ್ಲು ಒಣಗಿ ಸತ್ತಿರುತ್ತದೆ. ಅರ್ಧ ಗಂಟೆಯೊಳಗೆ ತಲುಪಿದರೆ ಅತ್ಯುತ್ತಮ, ಒಂದು ಗಂಟೆ ದಾಟಿದರೆ ಭರವಸೆ ಕುಂದುತ್ತದೆ. ಹಾಲುಹಲ್ಲು ಬಿದ್ದರೆ ಮರಳಿ ಕೂರಿಸಬಾರದು, ಅದು ಕೆಳಗಿನ ಹಲ್ಲಿಗೆ ಪೆಟ್ಟು ಕೊಡುತ್ತದೆ.

ಎಲ್ಲ ಕಾಲಕ್ಕೂ ಸಲ್ಲುವ ದಿನಚರಿ

ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ, ಎರಡೆರಡು ನಿಮಿಷ. ಎರಡರಲ್ಲಿ ರಾತ್ರಿಯದೇ ಹೆಚ್ಚು ಮುಖ್ಯ. ಪೇಸ್ಟಿನ ಮೇಲೆ ಫ್ಲೋರೈಡ್ ಎಂದು, ಸುಮಾರು 1000 ಪಿಪಿಎಂ ಎಂದು ಬರೆದಿದೆಯೇ ನೋಡಿ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿಯಷ್ಟು ಪೇಸ್ಟ್ ಸಾಕು. ಉಜ್ಜಿದ ಮೇಲೆ ಉಗುಳಬೇಕು, ಆದರೆ ತುಂಬ ನೀರಿನಿಂದ ಮುಕ್ಕಳಿಸಬಾರದು. ಹಾಗೆ ಮಾಡಿದರೆ ಫ್ಲೋರೈಡ್ ತೊಳೆದುಹೋಗುತ್ತದೆ. ಏಳೆಂಟು ವರ್ಷದವರೆಗೆ ಮಗುವಿನ ಕೈಗೆ ಬ್ರಷ್ ಕೊಟ್ಟು ಬಿಡುವುದಲ್ಲ, ದೊಡ್ಡವರೇ ಒಮ್ಮೆ ಉಜ್ಜಿಕೊಡಬೇಕು. ಮಸಿ, ಇದ್ದಿಲು, ಒರಟು ಹಲ್ಲುಪುಡಿ ಬೇಡ. ಅವು ಹಲ್ಲನ್ನು ಬೆಳ್ಳಗಾಗಿಸಿದಂತೆ ಕಂಡರೂ ಎನಾಮಲನ್ನೇ ಸವೆಸುತ್ತವೆ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಗದಗ, ಕೊಪ್ಪಳ, ರಾಯಚೂರು ಮುಂತಾದ ಜಿಲ್ಲೆಗಳ ಕುಟುಂಬಗಳಿಗೆ ಒಂದು ಮಾತು. ಅಲ್ಲಿನ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿಗಿಂತ ಹೆಚ್ಚಿದೆ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರು ಸಿಗದಿದ್ದಲ್ಲಿ 1.5ರವರೆಗೆ. ಇದನ್ನು ಮೀರಿದ ನೀರನ್ನು ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಕುಡಿದ ಮಕ್ಕಳ ಹಲ್ಲಿನಲ್ಲಿ ಬಿಳಿ ಗೆರೆ, ಕಂದು ಕಲೆ ಮೂಡುತ್ತವೆ. ಅದು ಉಜ್ಜಿದರೆ ಹೋಗುವ ಕೊಳೆಯಲ್ಲ, ಮಗುವಿನ ಸೋಮಾರಿತನವೂ ಅಲ್ಲ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಶುದ್ಧೀಕರಣ ಘಟಕದ ನೀರು ಅಥವಾ ಸಂಗ್ರಹಿಸಿದ ಮಳೆನೀರು ಬೇಕು.

ಗರ್ಭಿಣಿಯರಿಗೆ ವಸಡು ಊದಿ ರಕ್ತ ಬರುವುದು ಸಾಮಾನ್ಯ, ಆದರೆ ನಿರ್ಲಕ್ಷಿಸುವಂಥದ್ದಲ್ಲ. ಗರ್ಭಿಣಿಯರು ಹಲ್ಲಿನ ಚಿಕಿತ್ಸೆ ಮಾಡಿಸಬಾರದು ಎಂಬುದು ತಪ್ಪು ತಿಳಿವಳಿಕೆ. ನಾಲ್ಕರಿಂದ ಆರನೇ ತಿಂಗಳು ಅದಕ್ಕೆ ಅನುಕೂಲದ ಸಮಯ. ಸಕ್ಕರೆ ಕಾಯಿಲೆ ಇದ್ದವರಿಗೆ ವಸಡಿನ ಕಾಯಿಲೆ ಬೇಗ ಬರುತ್ತದೆ, ವಸಡಿನ ಸೋಂಕಿದ್ದರೆ ಸಕ್ಕರೆ ಹತೋಟಿಗೆ ಬರುವುದೂ ಕಷ್ಟ. ಹಲ್ಲಿನ ಕಲ್ಲು ತೆಗೆಸಿದರೆ ಹಲ್ಲು ಸಡಿಲವಾಗುತ್ತದೆ ಎನ್ನುವವರಿದ್ದಾರೆ. ಸಡಿಲವಾಗಿಸಿದ್ದು ಕಲ್ಲು ತಂದ ಕಾಯಿಲೆ. ಅಷ್ಟು ದಿನ ಕಲ್ಲೇ ಹಲ್ಲುಗಳನ್ನು ಅಂಟಿಸಿ ಹಿಡಿದಿತ್ತು. ಮೇಲಿನ ಹಲ್ಲು ಕೀಳಿಸಿದರೆ ಕಣ್ಣಿನ ದೃಷ್ಟಿ ಹೋಗುತ್ತದೆ ಎಂಬ ಮಾತಿನಲ್ಲೂ ಹುರುಳಿಲ್ಲ.

ನೋವಿಗೆ ಮೆಡಿಕಲ್ ಅಂಗಡಿಯಿಂದ ಆ್ಯಂಟಿಬಯೋಟಿಕ್ ತಂದು ನುಂಗುವುದು ಬಡವರ ಮನೆಗಳಲ್ಲಿ ಹೆಚ್ಚು. ನೋವು ತಗ್ಗುತ್ತದೆ, ಹುಳುಕು ಹಾಗೆಯೇ ಇರುತ್ತದೆ, ಕೆಲವು ವಾರಗಳಲ್ಲಿ ಮತ್ತೆ ಹೆಚ್ಚಿನ ಬಲದಿಂದ ಬರುತ್ತದೆ. ಆ ಗುಳಿಗೆಗಳಿಗೆ ಸುರಿದ ಹಣವನ್ನು ಕೂಡಿಸಿದರೆ ಎಷ್ಟೋ ಸಲ ಸಿಮೆಂಟು ತುಂಬಿಸುವ ಖರ್ಚು ಅದರಲ್ಲೇ ಇರುತ್ತದೆ. ನೋಯುವ ಹಲ್ಲಿನ ಪಕ್ಕ ಗುಳಿಗೆ ಇಟ್ಟುಕೊಳ್ಳಬೇಡಿ, ವಸಡು ಸುಡುತ್ತದೆ.

ಖರ್ಚಿನ ವಿಷಯ

ಬೀಡಿ ಕಟ್ಟುವ, ಮೀನು ಮಾರುವ, ದಿನಗೂಲಿಯ ಮನೆಗಳಲ್ಲಿ ಹಲ್ಲಿನ ಚಿಕಿತ್ಸೆ ಯಾವಾಗಲೂ ಮುಂದಿನ ತಿಂಗಳಿಗೆ ಹೋಗುತ್ತದೆ ಎಂಬುದನ್ನು ನಾವು ಬಲ್ಲೆವು. ಅದಕ್ಕೆ ದಾರಿಗಳಿವೆ. ಮಂಗಳೂರು, ದೇರಳಕಟ್ಟೆ, ಮಣಿಪಾಲ, ಧಾರವಾಡ, ದಾವಣಗೆರೆ, ಕಲಬುರಗಿ, ಬೆಂಗಳೂರುಗಳಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿ ಪ್ರಾಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ಕೊಡುತ್ತಾರೆ. ಸಮಯ ಹೆಚ್ಚು ಹಿಡಿಯುತ್ತದೆ, ದರ ಬಹಳ ಕಡಿಮೆ. ಬೆಂಗಳೂರಿನಲ್ಲಿ ಸರಕಾರಿ ದಂತ ವೈದ್ಯಕೀಯ ಕಾಲೇಜೇ ಇದೆ. ತಾಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ದಂತ ವಿಭಾಗವಿದೆ. ಹಲ್ಲೆಲ್ಲ ಕಳೆದುಕೊಂಡ ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲುಸೆಟ್ ಕೊಡಲು ಸರಕಾರ ದಂತಭಾಗ್ಯ ಯೋಜನೆಯನ್ನು ಆರಂಭಿಸಿತು. ಈಗಿನ ನಿಯಮವನ್ನು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ದಾನಿಗಳಲ್ಲಿ ನಮ್ಮ ಬಿನ್ನಹ ಒಂದೇ. ಒಬ್ಬ ಮಗುವಿನ ಬೇರಿನ ಚಿಕಿತ್ಸೆಗೆ ತಗಲುವ ಹಣದಲ್ಲಿ ಹಲವು ಮಕ್ಕಳ ದವಡೆ ಹಲ್ಲಿಗೆ ಲೇಪನ ಹಾಕಿಸಬಹುದು, ಒಂದು ತರಗತಿಗೆ ಬ್ರಷ್, ಪೇಸ್ಟ್ ಕೊಡಬಹುದು. ನೋವು ಬಂದ ಮೇಲೆ ಕೊಡುವ ನೆರವು ಬೇಕೇ ಬೇಕು. ನೋವು ಬರುವ ಮೊದಲು ಕೊಟ್ಟದ್ದು ಹೆಚ್ಚು ಮಕ್ಕಳನ್ನು ತಲುಪುತ್ತದೆ. ಮದುವೆ ಮಾಡಿಸುವವರು ಬೀಡಾದ ತಟ್ಟೆಯ ಬದಲು ಹಣ್ಣಿನ ತಟ್ಟೆ ಇಟ್ಟರೆ ಅದಕ್ಕೆ ಹಣವೂ ಬೇಡ, ನಿರ್ಧಾರ ಸಾಕು.

ವಿದ್ಯಾರ್ಥಿವೇತನದ ಕುಟುಂಬಗಳಿಗೆ ಹೇಳುವುದಿಷ್ಟೇ. ಈ ಬಾರಿ ಸಂದರ್ಶನಕ್ಕೆ ಬರುವಾಗ ಅಂಕಪಟ್ಟಿ, ಆದಾಯ ಪ್ರಮಾಣಪತ್ರದ ಜೊತೆಗೆ ಪಕ್ಕದ ಕೋಣೆಗೂ ಹತ್ತು ನಿಮಿಷ ಇಟ್ಟುಕೊಂಡು ಬನ್ನಿ. ಬಾಯಿಯಲ್ಲಿ ಏನು ಕಂಡರೂ ಅದರಿಂದ ವಿದ್ಯಾರ್ಥಿವೇತನಕ್ಕೆ ತೊಂದರೆಯಿಲ್ಲ ಎಂದು ಟ್ರಸ್ಟ್ ನಮಗೆ ಮಾತು ಕೊಟ್ಟಿದೆ. ನಾವು ಕಂಡದ್ದನ್ನು ಹೆತ್ತವರಿಗೆ ಮಾತ್ರ ಹೇಳುತ್ತೇವೆ. ಮೇಲೆ ಹೇಳಿದ ಹುಡುಗ ಈಗ ಪೊಟ್ಟಣ ಬಿಟ್ಟಿದ್ದಾನೆ, ತಿಂಗಳಿಗೊಮ್ಮೆ ಬರುತ್ತಾನೆ, ಬಾಯಿ ತೆರೆಯುವ ವ್ಯಾಯಾಮ ಮಾಡುತ್ತಿದ್ದಾನೆ. ಅವನ ಬಾಯಿ ಪೂರ್ತಿ ತೆರೆಯುತ್ತದೆ ಎಂದು ನಾವು ಹೇಳಲಾರೆವು. ಎಂಟನೇ ತರಗತಿಯಲ್ಲೇ ಯಾರಾದರೂ ನೋಡಿದ್ದರೆ ಈ ಮಾತು ಹೇಳಬೇಕಾಗುತ್ತಿರಲಿಲ್ಲ. ಈ ಪುಟ ಓದಿದ ಮೇಲೆ ಇಂದು ರಾತ್ರಿಯೇ ಮಕ್ಕಳನ್ನು ಬೆಳಕಿನ ಹತ್ತಿರ ಕರೆದು ಬಾಯಿ ತೆರೆಸಿ ನೋಡಿ.